ಬಂಗಲೆಯೊಳಗೆ ಯಾರೂ ಇಲ್ಲ

ಜವರಯ್ಯನ ಕಷ್ಟ ಶುರುವಾದದ್ದು ಅರ್ಧ ಮೂಟೆ ರಾಗಿಯಿಂದ. ಮಗಳ ಬಾಣಂತನಕ್ಕೆ ಇರಲಿ ಎಂದು ಅವನ ಹೆಂಡತಿ ದೊಡ್ಡಮಾದಮ್ಮ ಗುಡಿಸಲಿನ ಮೂಲೆಯಲ್ಲಿ ಅದನ್ನು ಕೂಡಿಟ್ಟಿದ್ದಳು. ಒಂದು ಸಂಜೆ ಅದರ ವಾಸನೆ ಹಿಡಿದು ಕಾಡಿನಿಂದ ಇಳಿದ ಒಂಟಿ ಸಲಗ ಗೋಡೆಗೆ ಹೆಗಲು ಕೊಟ್ಟು, ಸೊಂಡಿಲನ್ನು ಒಳಗೆ ಬಿಟ್ಟು, ಒಂದು ಕಾಳೂ ಉಳಿಸದೆ ತಿಂದು, ಉಂಡೆದ್ದ ನೆಂಟನ ಹಾಗೆ ಹೊಳೆಯಲ್ಲಿ ನೀರು ಕುಡಿದು ಹೊರಟುಹೋಯಿತು. ಗುಡಿಸಲಿನ ಅರ್ಧ ಗೋಡೆ, ಮುಕ್ಕಾಲು ಸೂರು ನೆಲಕ್ಕೆ ಬಂದಿದ್ದವು. ಮನೆಮಂದಿ ಹಿತ್ತಲ ಕಡೆಯಿಂದ ಓಡಿ ಬದುಕಿಕೊಂಡರು. ದಿನ ತುಂಬಿದ್ದ ಮಗಳು ಪುಟ್ಟಗೌರಮ್ಮ ಆ ಓಟದಲ್ಲಿ ಎಲ್ಲರಿಗಿಂತ ಮುಂದಿದ್ದಳು. ಮಾರನೆಯ ಬೆಳಿಗ್ಗೆ ಅವಳಿಗೆ ನೋವು ಕಾಣಿಸಿಕೊಂಡಿತು.

ಸೂರಿಲ್ಲದ ಮನೆಯಲ್ಲಿ ಹೆರಿಗೆ ಮಾಡಿಸುವುದು ಹೇಗೆ? ಇಪ್ಪತ್ತು ಮಾರು ದೂರದಲ್ಲಿ ಸರ್ಕಾರದ ಬಂಗಲೆ ಖಾಲಿ ಬಿದ್ದಿತ್ತು. ಅದರ ಬೀಗದ ಕೈ ಜವರಯ್ಯನ ಉಡಿದಾರದಲ್ಲೇ ತೂಗುತ್ತಿತ್ತು.

ಅಜ್ಜೀಪುರದಿಂದ ಬೆಟ್ಟದ ಕಡೆಗೆ ಎರಡು ಮೈಲಿ ನಡೆದರೆ ಹೊಳೆಯ ದಂಡೆಯ ಮೇಲೆ ಆ ಬಂಗಲೆ. ಎರಡು ಕೋಣೆ, ಒಂದು ವರಾಂಡ, ಚಳಿಗೆ ಬೆಂಕಿ ಹಾಕಲು ಗೋಡೆಯಲ್ಲೊಂದು ಗೂಡು, ಮೇಲೆ ಹೊಗೆ ಹೋಗಲು ಚಿಮಣಿ. ಹಿಂದೆ ಬಿಳಿ ದೊರೆಗಳು ಮೀನು ಹಿಡಿಯಲು, ಬೇಟೆಯಾಡಲು ಬಂದು ತಂಗುತ್ತಿದ್ದರು. ಅವರು ದೇಶ ಬಿಟ್ಟು ಹೋಗಿ ಆರು ವರ್ಷವಾಗಿತ್ತು. ಕೊಳ್ಳೇಗಾಲದ ಸೀಮೆ ಆಗಿನ್ನೂ ಕೊಯಮತ್ತೂರು ಜಿಲ್ಲೆಗೆ ಸೇರಿದ್ದರಿಂದ, ಅಲ್ಲಿನ ಸಾಹೇಬರು ಘಾಟಿ ದಾಟಿ ಇಲ್ಲಿಗೆ ಬರುವುದು ವರ್ಷಕ್ಕೊಮ್ಮೆಯೂ ಇರಲಿಲ್ಲ. ಹಾಗಿದ್ದರೂ ಜವರಯ್ಯ ಹತ್ತೊಂಬತ್ತು ವರ್ಷದಿಂದ ದಿನವೂ ಕಸ ಹೊಡೆದು, ಕುರ್ಚಿ ಒರೆಸಿ, ಹಾಸಿಗೆ ಬಿಸಿಲಿಗೆ ಹಾಕಿ, ಮತ್ತೆ ಬೀಗ ಹಾಕುತ್ತಿದ್ದ. ಚೀಟಿ ತಂದ ಅಧಿಕಾರಿಗಳನ್ನು ಬಿಟ್ಟರೆ ಮತ್ಯಾರೂ ಒಳಗೆ ಮಲಗಕೂಡದು ಎಂಬುದು ನಿಯಮ. ಅವನಿಗಿಂತ ಮುಂಚೆ ಇದ್ದ ಕಾವಲುಗಾರ ವರಾಂಡದಲ್ಲಿ ಹುರುಳಿ ಒಣಗಿಸಿದ ತಪ್ಪಿಗೆ ಕೆಲಸ ಕಳೆದುಕೊಂಡಿದ್ದ. ಹುರುಳಿಗೇ ಆ ಶಿಕ್ಷೆಯಾದರೆ ಹೆರಿಗೆಗೆ ಏನಾದೀತು ಎಂದು ಜವರಯ್ಯ ಯೋಚಿಸಲಿಲ್ಲವೆಂದಲ್ಲ. ಆದರೆ ಯೋಚಿಸುವಷ್ಟು ಹೊತ್ತು ಮೊಮ್ಮಗಳು ಕೊಡಲಿಲ್ಲ. ದೊಡ್ಡ ಕೋಣೆಯಲ್ಲಿ, ದೊರೆಗಳು ಮಲಗುತ್ತಿದ್ದ ಮಂಚದ ಮೇಲೆ, ಮಧ್ಯಾಹ್ನದ ಹೊತ್ತಿಗೆ ಹುಟ್ಟಿಯೇಬಿಟ್ಟಳು.

ಒಂಬತ್ತನೆಯ ದಿನ ಬೆಳಿಗ್ಗೆ ಅಜ್ಜೀಪುರದ ಟೀ ಅಂಗಡಿ ಮಾದಣ್ಣ ಸೈಕಲ್ ತುಳಿದುಕೊಂಡು ಬಂದ. ಊರಿನ ಸುದ್ದಿಯನ್ನೆಲ್ಲ ಟೀ ಜೊತೆಯಲ್ಲೇ ಸೋಸಿ ಕೊಡುವವನು ಅವನು. ಕೊಳ್ಳೇಗಾಲದಿಂದ ಬಂದ ಮೊದಲ ಬಸ್ಸಿನ ಡ್ರೈವರ್ ಹೇಳಿದನಂತೆ: ಕೊಯಮತ್ತೂರಿನ ದೊಡ್ಡ ಸಾಹೇಬರು ಕೊಳ್ಳೇಗಾಲಕ್ಕೆ ಬಂದಿದ್ದಾರೆ, ಮಧ್ಯಾಹ್ನದ ಹೊತ್ತಿಗೆ ಇಲ್ಲಿಗೆ ಬರುತ್ತಾರೆ, ಈ ರಾತ್ರಿ ಬಂಗಲೆಯಲ್ಲೇ ಮೊಕ್ಕಾಂ.

ಜವರಯ್ಯನ ಕೈಯಲ್ಲಿದ್ದ ಪೊರಕೆ ಕೆಳಗೆ ಬಿತ್ತು. "ಯಾತಕ್ಕೆ ಬತ್ತಾವ್ರಂತೆ?" ಅಂದ.

"ಅದ ಯಾರೂ ಏಳ್ನಿಲ್ಲ," ಅಂದ ಮಾದಣ್ಣ. "ಏಳ್ದೆ ಬರೋರು ಒಳ್ಳೇದ್ಕೆ ಬಂದದ್ದ ನಾನಂತೂ ಕಂಡಿಲ್ಲ ಕಣ್ಲಾ."

ಜವರಯ್ಯ ಒಳಗೆ ಓಡಿದ. ಕೋಣೆಯಲ್ಲಿ ಸಾಂಬ್ರಾಣಿ ಹೊಗೆ ಗಿಮ್ಮೆನ್ನುತ್ತಿತ್ತು. ಮಗಳು ತಲೆಗೆ ಬಟ್ಟೆ ಸುತ್ತಿಕೊಂಡು ಮಂಚದ ಮೇಲೆ ಕೂತಿದ್ದಳು. ಬೆಂಕಿ ಗೂಡಿನ ಮುಂದೆ ರಂಗಮ್ಮ ಕಾಲು ನೀಡಿಕೊಂಡು ಕೂಸಿಗೆ ಎಣ್ಣೆ ತಿಕ್ಕುತ್ತಿದ್ದಳು. ರಂಗಮ್ಮ ಆ ಸುತ್ತಿನ ಸೂಲಗಿತ್ತಿ. ಏಳು ಹಳ್ಳಿಯಲ್ಲಿ ಮೂವತ್ತು ವರ್ಷದೊಳಗಿನವರೆಲ್ಲ ಭೂಮಿಗೆ ಬರುವಾಗ ಮೊದಲು ಬಿದ್ದದ್ದು ಅವಳ ಕೈಗೇ. ಆದ್ದರಿಂದ ಅವಳು ಯಾರಿಗೂ ಬಹುವಚನ ಹಾಕುತ್ತಿರಲಿಲ್ಲ. ಬಾಣಂತಿಯನ್ನು ಈಗಲೇ ಗುಡಿಸಲಿಗೆ ಸಾಗಿಸಬೇಕು ಎಂದು ಜವರಯ್ಯ ತೊದಲಿದಾಗ ಅವಳು ತಲೆಯೆತ್ತಿ ಸಹ ನೋಡಲಿಲ್ಲ.

"ಪುರುಡು ಕಳೆಯೋಗಂಟ ಬಾಣಂತಿ ಒಸ್ಲು ದಾಟಂಗಿಲ್ಲ," ಅಂದಳು. "ಸಾಯೇಬ ಬೇಕಾದ್ರೆ ಗುಡಿಸ್ಲಲ್ಲಿ ಮಲೀಕಳ್ಳಿ."

ದೊಡ್ಡಮಾದಮ್ಮನೂ ಅವಳ ಪಕ್ಷವೇ. ಗೋಡೆಯಿಲ್ಲದ ಕಡೆ ಹಸಿ ಬಾಣಂತಿಯನ್ನು ಗಾಳಿಗೆ ಬಿಟ್ಟು ಸನ್ನಿ ಹಿಡಿದರೆ ನಿನ್ನ ಸಾಹೇಬ ಬಂದು ಕಾಪಾಡುತ್ತಾನೋ ಎಂದು ಗಂಡನನ್ನು ಕೇಳಿದಳು. ಅವನಿಗೂ ಮಗಳೆಂದರೆ ಪ್ರಾಣ. ಮೊಮ್ಮಗಳು ಹುಟ್ಟಿದ ದಿನ ಕೆಲಸ ಹೋದರೆ ಹೋಗಲಿ ಅಂದುಕೊಂಡಿದ್ದವನೇ. ಆದರೆ ಒಂಬತ್ತು ದಿನ ಕಳೆದಿತ್ತು. ಆ ಧೈರ್ಯ ಈಗ ಹಳಸಿತ್ತು.

ದಾರಿ ತೋರಿಸಿದವನು ಮಾದಣ್ಣ. ಹಿಂದೆ ಸರ್ವೆಯವರು ಬಿಟ್ಟುಹೋದ ದೊಡ್ಡ ಡೇರೆಯೊಂದು ಉಗ್ರಾಣದಲ್ಲಿತ್ತಲ್ಲ, ಅದನ್ನು ಹೊಳೆ ದಂಡೆಯ ಹೊಂಗೆ ಮರದ ಕೆಳಗೆ ಹಾಕಿಬಿಡು, ಬಂಗಲೆಯೊಳಗೆ ಇರಲಾಗದ ಹಾಗೆ ಏನೋ ಆಗಿದೆ ಎಂದು ಹೇಳು ಅಂದ. ಏನಾಗಿದೆ ಅಂತ ಹೇಳಲಿ ಎಂದರೆ, ಅದು ಆಮೇಲೆ ಹೊಳೆಯುತ್ತದೆ ಅಂದ.

ಡೇರೆ ಹೊರಗೆ ಬಂತು. ಅದರೊಳಗಿಂದ ಮೂರು ತಲೆಮಾರಿನ ಇಲಿಗಳೂ ಬಂದವು. ಹೊಲಕ್ಕೆ ಹೊರಟಿದ್ದ ನಾಲ್ಕು ಜನ ನೇಗಿಲು ಬಿಟ್ಟು ಸಹಾಯಕ್ಕೆ ಬಂದು, ನಾಲ್ಕು ಥರ ಸಲಹೆ ಕೊಟ್ಟರು. ಮೊದಲ ಸಲ ಡೇರೆಯ ಬಾಯಿ ಹೊಳೆಗೆ ತಿರುಗಿತು; ಸಾಹೇಬರು ಬೆಳಿಗ್ಗೆ ಎದ್ದು ಒಂದು ಹೆಜ್ಜೆ ಇಟ್ಟರೆ ಸ್ನಾನವೇ ಆಗಿಹೋಗುತ್ತಿತ್ತು. ಎರಡನೆಯ ಸಲ ನಡುಗಂಬಕ್ಕೆ ಆತು ನಿಂತು ಮಾದಣ್ಣ ಬೀಡಿ ಹಚ್ಚಿದ್ದರಿಂದ ಡೇರೆ ಅವನ ಸಮೇತ ಕುಸಿಯಿತು. ಒಳಗಿಂದ ಅವನು ಕೊಟ್ಟ ಬೈಗುಳಕ್ಕೆ ಬಟ್ಟೆಯೆಲ್ಲ ಉಸಿರಾಡುವಂತೆ ಉಬ್ಬಿ ಇಳಿಯುತ್ತಿತ್ತು. ಮೂರನೆಯ ಸಲ ಹೇಗೋ ನಿಂತಿತು. ಇಲಿ ಕಡಿದ ತೂತುಗಳಿಗೆ ದೊಡ್ಡಮಾದಮ್ಮ ತನ್ನ ಹಳೆಯ ಸೀರೆಯ ತುಂಡು ಹಚ್ಚಿ ಹೊಲಿದಳು. ಮಂಚವನ್ನು ಮಾತ್ರ ತರಲಾಗಲಿಲ್ಲ, ಅದರ ಮೇಲೆ ಬಾಣಂತಿ ಇದ್ದಳು. ಚಿಕ್ಕ ಕೋಣೆಯ ಬೆಂಚುಗಳನ್ನು ಜೋಡಿಸಿ ಹಾಸಿಗೆ ಹಾಸಿದರು.

ಕೊನೆಯಲ್ಲಿ ಜವರಯ್ಯ ರಂಗಮ್ಮನಿಗೆ ಕೈಮುಗಿದು ಕೇಳಿಕೊಂಡ: ಕಿಟಕಿಗೆಲ್ಲ ಕಂಬಳಿ ಕಟ್ಟು, ಒಳಗಿಂದ ಅಗುಳಿ ಹಾಕು, ಯಾರು ಬಡಿದರೂ ತೆಗೆಯಬೇಡ, ಯಾರೇ ಕೇಳಿದರೂ ಒಳಗೆ ಯಾರೂ ಇಲ್ಲ ಎಂಬಂತಿರಬೇಕು. ನಾನೇ ಬಂದು ಕೂಗಿದರೂ ತೆಗೆಯಬೇಡ, ಯಾಕೆಂದರೆ ನನ್ನ ಬೆನ್ನ ಹಿಂದೆ ಸಾಹೇಬರು ನಿಂತಿರಬಹುದು. ರಂಗಮ್ಮ ಗಂಭೀರವಾಗಿ ಆಗಲಿ ಅಂದು, ದೊಡ್ಡಮಾದಮ್ಮನನ್ನೂ ಒಳಗೆ ಸೇರಿಸಿಕೊಂಡು ಅಗುಳಿ ಹಾಕಿದಳು. ಮಾತು ಕೊಟ್ಟರೆ ತಪ್ಪುವವಳಲ್ಲ.

ಹತ್ತು ಗಂಟೆಗೆ ಎತ್ತಿನ ಗಾಡಿಯಲ್ಲಿ ಸಾಹೇಬರ ಹಾಸಿಗೆ ಪೆಟ್ಟಿಗೆಗಳ ಜೊತೆ ದಫೇದಾರ ಮುತ್ತಯ್ಯ ಬಂದಿಳಿದ. ಮೀಸೆಯನ್ನೂ ಬಿಲ್ಲೆಯನ್ನೂ ಒಂದೇ ಸಮನೆ ಉಜ್ಜಿ ಹೊಳೆಯಿಸಿಕೊಂಡಿದ್ದ ಆಳು. ನೇರ ವರಾಂಡಕ್ಕೆ ಹತ್ತಿ ಬಾಗಿಲು ತಳ್ಳಿದ. ಜವರಯ್ಯನ ಬಾಯಿಗೆ ಬಂದದ್ದು ಹಾವು.

"ಆವು ಸೇರ್ಕಂಡದೆ ಸಾ, ನಾಗರಾವು. ಒಳಕ್ಕೋಗ್ಬ್ಯಾಡಿ."

ಮುತ್ತಯ್ಯ ವರಾಂಡದಿಂದ ಇಳಿದ ರೀತಿ ನೋಡಿದರೆ ಅವನಿಗೆ ಮೆಟ್ಟಿಲುಗಳ ಅಗತ್ಯವಿದ್ದ ಹಾಗೆ ಕಾಣಲಿಲ್ಲ. ಅಂಗಳದಲ್ಲಿ ನಿಂತು, ಮೇಲೆ ಚಿಮಣಿಯಲ್ಲಿ ಹೊಗೆ ಯಾಕೆ ಬರುತ್ತಿದೆ ಎಂದು ಕೇಳಿದ. ಹಾವನ್ನು ಓಡಿಸಲು ಹೊಗೆ ಹಾಕಿದ್ದೇನೆ ಅಂದ ಜವರಯ್ಯ. ಅದೇ ಗಳಿಗೆಯಲ್ಲಿ ಕೂಸು ಅತ್ತಿತು. ಬೆಕ್ಕು ಮರಿ ಹಾಕಿದೆ ಅಂದ. ಹಾವು ಇರುವ ಕೋಣೆಯಲ್ಲಿ ಬೆಕ್ಕು ಹೇಗೆ ಮರಿ ಹಾಕಿತು ಎಂದು ಮುತ್ತಯ್ಯ ಹುಬ್ಬು ಗಂಟಿಕ್ಕಿದ. ಹಾವು ದೊಡ್ಡ ಕೋಣೆಯಲ್ಲಿ, ಬೆಕ್ಕು ಚಿಕ್ಕ ಕೋಣೆಯಲ್ಲಿ ಎಂದು ಜವರಯ್ಯ ಇಬ್ಬರಿಗೂ ಜಾಗ ಹಂಚಿಕೊಟ್ಟ. ಹಿತ್ತಲಿನ ಹಗ್ಗದ ಮೇಲೆ ಸಾಲಾಗಿ ಒಣಗುತ್ತಿದ್ದ ಕೂಸಿನ ಬಟ್ಟೆಗಳ ಕಡೆ ಮುತ್ತಯ್ಯ ಬೆರಳು ತೋರಿಸಿದ. ಆನೆ ಹೆದರಿಸಲು ಕಟ್ಟಿದ ಬಾವುಟಗಳು ಅಂದ. ಬಿದ್ದ ಗುಡಿಸಲನ್ನು ನೋಡಿದ ಮೇಲೆ ಮುತ್ತಯ್ಯ ಅದನ್ನು ನಂಬಿದ. ಬಾವುಟ ಇನ್ನೂ ಸ್ವಲ್ಪ ದೊಡ್ಡದಿರಬೇಕಿತ್ತು ಎಂದು ಬುದ್ಧಿವಾದವನ್ನೂ ಹೇಳಿದ.

ಹನ್ನೆರಡೂವರೆಗೆ ಸಾಹೇಬರ ಜೀಪು ಬಂತು. ಜವರಯ್ಯ ಕಲ್ಪಿಸಿಕೊಂಡಿದ್ದ ಹುಲಿಯಂಥ ಮನುಷ್ಯನ ಬದಲು, ಕನ್ನಡಕ ಹಾಕಿದ, ಬೊಕ್ಕತಲೆಯ, ಮೇಷ್ಟರಂಥ ವಯಸ್ಸಾದವರೊಬ್ಬರು ಇಳಿದರು. ತಮಿಳು ಬೆರೆತ ಕನ್ನಡದಲ್ಲಿ ಜವರಯ್ಯನ ಯೋಗಕ್ಷೇಮ ಕೇಳಿದರು. ಹಾವಿನ ವಿಷಯ ಕೇಳಿ ಬೇಸರಪಟ್ಟರೇ ಹೊರತು ಸಿಟ್ಟಾಗಲಿಲ್ಲ. ಡೇರೆಯೊಳಗೆ ತಲೆ ಹಾಕಿ, ಹೊಳೆಯ ಗಾಳಿ ಚೆನ್ನಾಗಿ ಬರುತ್ತದೆ, ಚಿಕ್ಕಂದಿನ ಸ್ಕೌಟ್ ಕ್ಯಾಂಪು ನೆನಪಾಯಿತು ಎಂದು ಸಂತೋಷಪಟ್ಟರು. ಸೀರೆಯ ತೇಪೆಗಳನ್ನು ನೋಡಿ ಬಣ್ಣ ಚೆನ್ನಾಗಿದೆ ಅಂದರು.

ಊಟದ್ದೊಂದು ಪೇಚಾಯಿತು. ಸಾಹೇಬರ ಅಡಿಗೆಯವನು ಹನೂರಿನಲ್ಲಿ ಹೊಟ್ಟೆನೋವೆಂದು ಇಳಿದುಕೊಂಡಿದ್ದ. ಜವರಯ್ಯನ ಗುಡಿಸಲಲ್ಲಿ ಉಳಿದಿದ್ದ ಒಲೆಯ ಮೇಲೆ ಅಂದು ಬೆಂದಿದ್ದದ್ದು ಬಾಣಂತಿಯ ಊಟ ಒಂದೇ: ಮೆತ್ತನೆಯ ಅನ್ನ, ತುಪ್ಪ, ಮೂಗಿನಲ್ಲಿ ನೀರು ಬರುವಷ್ಟು ಮೆಣಸು ಬೆಳ್ಳುಳ್ಳಿ ಹಾಕಿದ ಸಾರು. ಬೇರೆ ದಾರಿಯಿಲ್ಲದೆ ಅದನ್ನೇ ಬಡಿಸಿದ. ಸಾಹೇಬರು ಮೂರು ಸಲ ಸಾರು ಹಾಕಿಸಿಕೊಂಡರು. ಇಂಥ ಸಾರು ತಮ್ಮ ತಾಯಿ ಒಮ್ಮೊಮ್ಮೆ ಮಾಡುತ್ತಿದ್ದರು, ಯಾವಾಗ ಎಂದು ನೆನಪಾಗುತ್ತಿಲ್ಲ ಅಂದರು. ನೆನಪಾಗದಿರಲಿ ಎಂದು ಜವರಯ್ಯ ಮಹದೇಶ್ವರನಿಗೆ ಹರಕೆ ಹೊತ್ತ. ಒಳಗಿದ್ದ ಬಾಣಂತಿಗೆ ಆ ಹೊತ್ತು ಬರೀ ಅನ್ನ ತುಪ್ಪ.

ಊಟವಾದ ಮೇಲೆ ಸಾಹೇಬರು ಬಂಗಲೆಯ ಸುತ್ತ ಒಂದು ಸುತ್ತು ಹಾಕಿದರು. ಹಿಂದೆಯೇ ಜವರಯ್ಯ, ಅವನ ಹಿಂದೆ ಮುತ್ತಯ್ಯ, ಅಂಗಡಿಯನ್ನು ಹೆಂಡತಿಗೆ ಒಪ್ಪಿಸಿ ಬಂದಿದ್ದ ಮಾದಣ್ಣ ಎಲ್ಲರ ಹಿಂದೆ. ಸಾಹೇಬರು ಜೇಬಿನಿಂದ ಪುಸ್ತಕ ಪೆನ್ಸಿಲು ತೆಗೆದು ಒಂದೊಂದೇ ಪ್ರಶ್ನೆ ಕೇಳತೊಡಗಿದರು. ಪ್ರಶ್ನೆಗಳು ವಿಚಿತ್ರವಾಗಿದ್ದವು. ಈ ಕೋಣೆ ಬೆಚ್ಚಗಿರುತ್ತದೆಯೇ? ಇಲ್ಲ ಬುದ್ಧಿ, ಹೆಂಚಿನ ಸಂದಿಯಿಂದ ಗಾಳಿ ಬಾಣ ಬಿಟ್ಟ ಹಾಗೆ ಬರುತ್ತದೆ ಅಂದ ಜವರಯ್ಯ. ಬಿಸಿನೀರಿಗೆ ಅನುಕೂಲ ಉಂಟೇ? ಹಂಡೆ ತೂತು. ಎತ್ತಿನ ಗಾಡಿ ಬಾಗಿಲ ತನಕ ಬರುತ್ತದೆಯೇ? ಮಳೆ ಬಂದರೆ ಚಕ್ರ ಹೂತುಹೋಗುತ್ತದೆ. ಹೆಂಗಸರು ಯಾರಾದರೂ ಬಂದರೆ ನಾಲ್ಕು ದಿನ ಇಲ್ಲಿ ಇರಬಹುದೇ?

ಇದನ್ನು ಕೇಳಿದ ಜವರಯ್ಯ, ಸಾಹೇಬರ ಮನೆಯವರು ಬರುವ ಹವಣಿಕೆ ಇರಬೇಕು ಎಂದುಕೊಂಡ.

"ಎಂಗಸ್ರಾ ಬುದ್ಧಿ? ಒಂದ್ ಗಳಿಗೆ ಇರಕಾಗಕಿಲ್ಲ. ಆವು ಒಂದ್ಕಡೆ, ಎಜ್ಜೇನು ಒಂದ್ಕಡೆ. ಅದಲ್ದೆ ಒಬ್ಬ ಬಿಳಿ ದೊರೆ ಇಲ್ಲೇ ಜರ ಬಂದು ಸತ್ತವ್ನೆ. ಅವ್ನು ಇನ್ನೂ ವರಾಂಡದಲ್ಲಿ ಬೂಟ್ಸು ಆಕಂಡು ಓಡಾಡ್ತನೆ."

ಮಾದಣ್ಣ ಇಷ್ಟಕ್ಕೆ ಸುಮ್ಮನಿರಲಾರದೆ, ಆ ಬೂಟಿನ ಸದ್ದನ್ನು ತಾನೂ ಕೇಳಿದ್ದೇನೆ, ಎಡಗಾಲು ಸ್ವಲ್ಪ ಕುಂಟು ಅಂದ. ಮುತ್ತಯ್ಯ ಮೆಲ್ಲಗೆ ಜೀಪಿನ ಕಡೆ ಸರಿದ. ಸಾಹೇಬರು ಮಾತ್ರ ಪ್ರತಿಯೊಂದು ಉತ್ತರವನ್ನೂ ಬರೆದುಕೊಂಡು, ಬರೆದಷ್ಟೂ ಮುಖ ಸಣ್ಣದು ಮಾಡಿಕೊಳ್ಳುತ್ತಿದ್ದರು. ಅವರ ಮುಖ ಸಣ್ಣದಾದಷ್ಟೂ ಜವರಯ್ಯನ ಮುಖ ಅರಳಿತು. ಇನ್ನು ಇವರು ಆ ಬಾಗಿಲ ಹತ್ತಿರ ಸುಳಿಯುವುದಿಲ್ಲ, ರಾತ್ರಿ ಕಳೆದರೆ ಗೆದ್ದೆ ಎಂದು ಲೆಕ್ಕ ಹಾಕಿದ.

ನಾಲ್ಕು ಗಂಟೆಗೆ ಹೊಂಗೆಯ ನೆರಳಲ್ಲಿ ಮಾದಣ್ಣ ಕಾಸಿದ ಟೀ ಕುಡಿಯುತ್ತ ಸಾಹೇಬರು ಪುಸ್ತಕ ಮುಚ್ಚಿದರು. ತಾವು ಬಂದ ಕಾರಣ ಹೇಳಿದರು.

ಹೋದ ವರ್ಷ ಬೆಟ್ಟದ ಬುಡದ ಹಳ್ಳಿಯೊಂದರಿಂದ ಚೊಚ್ಚಲ ಬಸುರಿಯನ್ನು ಕೊಳ್ಳೇಗಾಲದ ಆಸ್ಪತ್ರೆಗೆ ಗಾಡಿಯಲ್ಲಿ ಸಾಗಿಸುತ್ತಿದ್ದರಂತೆ. ಹನೂರು ಮುಟ್ಟುವ ಮೊದಲೇ ತಾಯಿ ಮಗು ಇಬ್ಬರೂ ಹೋದರು. ಆ ಕಾಗದ ಸಾಹೇಬರ ಮೇಜಿಗೆ ಬಂದಿತ್ತು. ಅಂದಿನಿಂದ ಅವರು ಈ ದಾರಿಯಲ್ಲಿ ಒಂದು ಹೆರಿಗೆ ಮನೆ ಮಾಡಬೇಕೆಂದು ಓಡಾಡಿ ಅಪ್ಪಣೆ ಪಡೆದಿದ್ದರು. ಹೊಸ ಕಟ್ಟಡಕ್ಕೆ ವರ್ಷಗಟ್ಟಲೆ ಆಗುತ್ತದೆ. ಯಾರೂ ತಂಗದ ಈ ಬಂಗಲೆಯೇ ಆಗಬಹುದು ಎಂದು ನೋಡಲು ಬಂದಿದ್ದರು.

"ಇದನ್ನ ನೋಡ್ಕೊಳ್ಳಕ್ಕೆ ಮೇಲ್ವಿಚಾರಕ ಅಂತ ಒಂದು ಜಾಗ ಇದೆ, ಜವರಯ್ಯ. ಹತ್ತೊಂಬತ್ತು ವರ್ಷ ಇದ್ದವರು ನೀವು, ನಿಮಗೇ ಕೊಡೋಣ ಅಂತಿದ್ದೆ," ಅಂದರು. "ಆದ್ರೆ ಇಷ್ಟು ಕೆಟ್ಟ ಜಾಗದಲ್ಲಿ ಹೆರಿಗೆ ಹೇಗೆ ಆಗುತ್ತೆ? ಇದನ್ನ ಮುಚ್ಚಿಬಿಡೋದೇ ಸರಿ. ನಿಮ್ಮನ್ನ ಘಾಟಿ ಮೇಲೆ ದಿಂಬಂ ಕಡೆಗೆ ವರ್ಗ ಮಾಡಿಸ್ತೀನಿ."

ಜವರಯ್ಯನಿಗೆ ಹೊಂಗೆಯ ಮರ ಒಂದು ಸುತ್ತು ತಿರುಗಿದ ಹಾಗಾಯಿತು. ಬೆಳಗಿನಿಂದ ಇಷ್ಟು ಜನ ಸೇರಿ, ಇಷ್ಟು ಬೆವರು ಸುರಿಸಿ ಯಾವುದನ್ನು ಮುಚ್ಚಿಟ್ಟರೋ, ಅದನ್ನೇ ಹುಡುಕಿಕೊಂಡು ಈ ಪುಣ್ಯಾತ್ಮ ಕೊಯಮತ್ತೂರಿನಿಂದ ಬಂದಿದ್ದ. ಮಾದಣ್ಣನಿಗಾಗಿ ಅತ್ತಿತ್ತ ನೋಡಿದ. ಮಾದಣ್ಣ ಟೀ ಲೋಟ ತೊಳೆಯುವ ನೆಪದಲ್ಲಿ ಹೊಳೆಗಿಳಿದಿದ್ದ.

"ಬುದ್ಧಿ," ಅಂದ ಜವರಯ್ಯ, ಕೈಮುಗಿದು. "ಒಳಗೆ ಬಾಣಂತಿ ಅವ್ಳೆ. ನನ್ ಮಗ್ಳು. ಕೂಸು ಉಟ್ಟಿ ಒಂಬತ್ತು ದಿನ ಆಯ್ತು."

ಸಾಹೇಬರು ಕನ್ನಡಕ ತೆಗೆದು ಅವನನ್ನು ಮರುಕದಿಂದ ನೋಡಿದರು. ವರ್ಗ ತಪ್ಪಿಸಿಕೊಳ್ಳಲು ಬಡಪಾಯಿ ಏನೇನೋ ಕಟ್ಟುತ್ತಿದ್ದಾನೆ ಎಂದು ಅವರಿಗೆ ಅನ್ನಿಸಿದ್ದರೆ ತಪ್ಪೇನಿಲ್ಲ. ಹಾವಿರುವ ಕೋಣೆಯಲ್ಲಿ ಬಾಣಂತಿಯೇ ಎಂದು ಮುತ್ತಯ್ಯ ನಕ್ಕ. ಹಾವಿಲ್ಲ ಅಂದ ಜವರಯ್ಯ. ಬೆಕ್ಕು? ಬೆಕ್ಕೂ ಇಲ್ಲ. ಹಾಗಾದರೆ ಬಿಳಿ ದೊರೆ? ಅವನು ಯಾವ ಜ್ವರವೂ ಇಲ್ಲದೆ ಹಡಗು ಹತ್ತಿ ಊರಿಗೆ ಹೋದ ಅಂದ ಜವರಯ್ಯ. ಒಂದೊಂದಾಗಿ ಎಲ್ಲರನ್ನೂ ಬಂಗಲೆಯಿಂದ ಖಾಲಿ ಮಾಡಿಸಿದ ಮೇಲೂ ಬಾಣಂತಿಯನ್ನು ಮಾತ್ರ ಯಾರೂ ನಂಬಲಿಲ್ಲ. ಕೂಸಾದರೂ ಒಂದು ಸಲ ಅಳಬಾರದೇ? ಬೆಳಗಿನಿಂದ ಗಳಿಗೆಗೊಂದು ಸಲ ಸೂರು ಹಾರುವಂತೆ ಕೂಗಿದ್ದ ಅದು ಈಗ ಎಣ್ಣೆನೀರು ಹಾಕಿಸಿಕೊಂಡು ಗಾಢ ನಿದ್ದೆ ಹೋಗಿತ್ತು.

ಜವರಯ್ಯ ಸಾಹೇಬರ ಮುಂದೆ ಓಡಿ ಬಂಗಲೆಯ ಬಾಗಿಲು ಬಡಿದ.

"ರಂಗಕ್ಕಾ, ಬಾಗ್ಲು ತಗಿ."

ಒಳಗಿಂದ ರಂಗಮ್ಮನ ದನಿ ಸ್ಪಷ್ಟವಾಗಿ ಕೇಳಿಸಿತು.

"ಒಳಗ್ಯಾರೂ ಇಲ್ಲ."

"ನಾನು ಕಣಕ್ಕ, ಜವರ."

"ಜವರ ಬಂದು ಕೂಗುದ್ರೂ ತಗೀಬ್ಯಾಡ ಅಂತ ಜವರ್ನೇ ಏಳವ್ನೆ."

ಜವರಯ್ಯ ಹಣೆಯನ್ನು ಬಾಗಿಲಿಗೆ ಆನಿಸಿ ಬೇಡಿಕೊಂಡ. ಆ ಮಾತು ಬೆಳಗಿನದು, ಈಗ ಬೇರೆ ಅಂದ. ರಂಗಮ್ಮ, ಮಾತು ಬೆಳಿಗ್ಗೆ ಒಂದು ಸಂಜೆ ಒಂದು ಆಗುವುದು ಗಂಡಸರಿಗೆ, ತನಗಲ್ಲ ಅಂದಳು. ದೊಡ್ಡಮಾದಮ್ಮನೂ ಒಳಗಿಂದ, ನಾನೂ ಇಲ್ಲ ಎಂದು ಕೂಗಿ ಹೇಳಿದಳು. ಆಗ ಸಾಹೇಬರೇ ಮುಂದೆ ಬಂದು ಬಾಗಿಲನ್ನು ಬೆರಳಲ್ಲಿ ತಟ್ಟಿದರು.

"ಅಮ್ಮಾ, ಸ್ವಲ್ಪ ತೆಗೀತೀರಾ?"

"ನೀನ್ಯಾರು?"

"ಕೊಯಮತ್ತೂರಿಂದ ಬಂದವನು."

"ಅಗುಳಿ ಆಕಿರದೇ ನಿನ್ಗೋಸ್ಕರ."

ಮುತ್ತಯ್ಯ ಕಿವಿ ಮುಚ್ಚಿಕೊಂಡ. ಸಾಹೇಬರ ಮುಖದಲ್ಲಿ ಮಾತ್ರ ಆ ದಿನ ಮೊದಲ ಸಲ ನಗು ಕಾಣಿಸಿತು. ಹೆರಿಗೆ ಮನೆ ಮಾಡಲು ಜಾಗ ನೋಡುತ್ತಿದ್ದೇನೆ, ಈ ಕೋಣೆ ಆಗುತ್ತದೋ ಇಲ್ಲವೋ ಎಂದು ತಿಳಿದವರನ್ನು ಕೇಳಬೇಕಾಗಿದೆ ಎಂದು ಬಾಗಿಲಿಗೇ ಹೇಳಿದರು. ಒಳಗೆ ಬಳೆಯ ಸದ್ದು. ಅಗುಳಿ ಸರಿಯಿತು. ರಂಗಮ್ಮ ಅರ್ಧ ಬಾಗಿಲು ತೆರೆದು ಸಾಹೇಬರನ್ನು ಅಡಿಯಿಂದ ಮುಡಿಯ ತನಕ ನೋಡಿದಳು.

"ಬೂಟ್ಸು ಬುಡು. ಕಾಲು ತೊಳ್ಕ. ಕೈನೂ ತೊಳ್ಕ. ಆಮ್ಯಾಲೆ ಬಾ," ಅಂದಳು.

ಜಿಲ್ಲೆಯನ್ನೇ ನಡುಗಿಸುವವರೆಂದು ಮುತ್ತಯ್ಯ ದಾರಿಯುದ್ದಕ್ಕೂ ಹೊಗಳಿಕೊಂಡು ಬಂದಿದ್ದ ಸಾಹೇಬರು ವರಾಂಡದಲ್ಲಿ ಕೂತು ಬೂಟಿನ ದಾರ ಬಿಚ್ಚಿದರು. ಕಾಲು ತೊಳೆದರು, ಕೈ ತೊಳೆದರು. ಒಳಗೆ ಹೋಗಿ ನಿಂತರು. ಸಗಣಿ ಸಾರಿಸಿದ ಹಾಗೆ ಚೊಕ್ಕಟವಾಗಿದ್ದ ನೆಲ, ಗೂಡಿನಲ್ಲಿ ಹದವಾದ ಕೆಂಡ, ಹಂಡೆ ತುಂಬ ಬಿಸಿನೀರು, ಗಾಳಿ ನುಸುಳದ ಹಾಗೆ ಕಟ್ಟಿದ ಕಂಬಳಿ, ಮಂಚದ ಮೇಲೆ ಮುಖದಲ್ಲಿ ರಕ್ತ ತುಂಬಿದ ತಾಯಿ, ಮೊರದಲ್ಲಿ ಹಳೆಯ ಬಟ್ಟೆಯ ಮೇಲೆ ಮುಷ್ಟಿ ಬಿಗಿದು ಮಲಗಿದ್ದ ಕೂಸು. ಸಾಹೇಬರು ಪುಸ್ತಕ ತೆಗೆದು, ಮಧ್ಯಾಹ್ನ ಬರೆದ ಸಾಲುಗಳ ಮೇಲೆ ಒಂದೊಂದಾಗಿ ಗೀಟು ಎಳೆಯುತ್ತ ಬಂದರು. ಹಾವಿನ ಮೇಲೆ ಎರಡು ಗೀಟು ಎಳೆದರು. ಊಟದ ಸಾರನ್ನು ತಮ್ಮ ತಾಯಿ ಯಾವಾಗ ಮಾಡುತ್ತಿದ್ದರೆಂದು ಅವರಿಗೆ ಈಗ ನೆನಪಾಯಿತು, ತಂಗಿ ಹುಟ್ಟಿದಾಗ. ನಿನ್ನ ಪಾಲಿನದು ನಾನು ಉಂಡುಬಿಟ್ಟೆನಲ್ಲಮ್ಮ ಎಂದು ಪುಟ್ಟಗೌರಮ್ಮನಿಗೆ ಹೇಳಿದಾಗ ಅವಳು ನಾಚಿ ಗೋಡೆ ಕಡೆ ತಿರುಗಿದಳು.

ಗುಡಿಸಲು ಬಿದ್ದ ದಿನದಿಂದ ನಡೆದದ್ದನ್ನೆಲ್ಲ ರಂಗಮ್ಮ ಹೇಳಿದಳು. ಕೂಸು ಕಾಲು ಮುಂದಾಗಿತ್ತು, ತಿರುಗಿಸಿ ತೆಗೆದೆ ಎಂಬುದನ್ನು ಹೊಲಕ್ಕೆ ನೀರು ತಿರುಗಿಸಿದಷ್ಟು ಸಲೀಸಾಗಿ ಹೇಳಿದಳು. ಕೇಳುತ್ತ ಕೇಳುತ್ತ ಸಾಹೇಬರ ಕಣ್ಣು ಒದ್ದೆಯಾಯಿತು. ಇಷ್ಟೆಲ್ಲ ವ್ಯವಸ್ಥೆ ಮಾಡಿದವರು ಯಾರು ಎಂದು ಕೇಳಿದರು. ಬಾಗಿಲ ಆಚೆ ನಿಂತಿದ್ದ ಜವರಯ್ಯ ಅಂಗಿ ಸರಿಮಾಡಿಕೊಂಡು ಒಂದು ಹೆಜ್ಜೆ ಮುಂದಿಟ್ಟ.

"ಯಾರು ಮಾಡಿದ್ರು? ನಾವೇ," ಅಂದಳು ರಂಗಮ್ಮ. "ಇವ್ನು ನೋವು ಬಂದಾಗ್ಲೂ ಆಚೆ ನಿಂತ್ಕಂಡು ನಡುಗ್ತಿದ್ದ. ಈಗ್ಲೂ ಅಲ್ಲೇ ನಿಂತವ್ನೆ ನೋಡು."

ಸಾಹೇಬರು ಜವರಯ್ಯನನ್ನು ಬೈಯಲಿಲ್ಲ. ಮಗಳಿಗಾಗಿ ನಿಯಮ ಮೀರಿದ್ದು ತಪ್ಪಲ್ಲ, ನನ್ನ ಮಗಳಾಗಿದ್ದರೆ ನಾನೂ ಮೀರುತ್ತಿದ್ದೆ ಅಂದರು. ಬೆಳಿಗ್ಗೆಯೇ ನಿಜ ಹೇಳಿದ್ದರೆ ಚೆನ್ನಾಗಿತ್ತು ಎಂದಷ್ಟೇ ಸೇರಿಸಿದರು. ಆ ರಾತ್ರಿ ಡೇರೆಯಲ್ಲೇ ಮಲಗಿ, ಬೆಳಿಗ್ಗೆ ಹೊಳೆಯಲ್ಲಿ ಮಿಂದು, ಕೂಸಿನ ಕೈಗೆ ಬೆರಳು ಕೊಟ್ಟು ಹಿಡಿಸಿಕೊಂಡು, ಜೀಪು ಹತ್ತಿ ಹೋದರು.

ಎರಡು ತಿಂಗಳಾದ ಮೇಲೆ ಮುತ್ತಯ್ಯ ಆರ್ಡರಿನ ಕಾಗದ ತಂದ. ಅಷ್ಟು ಹೊತ್ತಿಗೆ ಮಾದಣ್ಣನ ಅಂಗಡಿಯಿಂದ ಸುದ್ದಿ ಹರಡಿ, ಅರ್ಧ ಅಜ್ಜೀಪುರ ಬಂಗಲೆಯ ಅಂಗಳದಲ್ಲಿ ನೆರೆದಿತ್ತು. ಮುತ್ತಯ್ಯ ತಮಿಳಿನಲ್ಲಿ ಓದಿ ಕನ್ನಡದಲ್ಲಿ ಹೇಳುತ್ತ ಹೋದ. ಇಂದಿನಿಂದ ಈ ಬಂಗಲೆ ಹೆರಿಗೆ ಮನೆ. ಕೊಳ್ಳೇಗಾಲದಿಂದ ತಿಂಗಳಿಗೆರಡು ಸಲ ನರ್ಸು ಬರುತ್ತಾರೆ. ಜನ ಉಘೇ ಎಂದರು. ಮೇಲ್ವಿಚಾರಕ ಎಂಬ ಮಾತು ಬಂದಾಗ ಜವರಯ್ಯ ಕೈಮುಗಿದು ನಿಂತ. ಆ ಜಾಗಕ್ಕೆ ಶ್ರೀಮತಿ ರಂಗಮ್ಮನವರನ್ನು ನೇಮಿಸಲಾಗಿತ್ತು. ಸಹಾಯಕ್ಕೆ ಶ್ರೀಮತಿ ದೊಡ್ಡಮಾದಮ್ಮ. ಅವಳು ಹಗಲೂ ರಾತ್ರಿ ಒಳಗೇ ಇರತಕ್ಕದ್ದು. ಬಿದ್ದ ಗುಡಿಸಲಿನ ಜಾಗದಲ್ಲಿ ಹೆಂಚಿನ ಮನೆಯೊಂದನ್ನು ಕಟ್ಟತಕ್ಕದ್ದು.

ಅಷ್ಟಾದರೂ ದಕ್ಕಿತಲ್ಲ ಎಂದು ಜವರಯ್ಯ ನಿಟ್ಟುಸಿರು ಬಿಟ್ಟ. ಮುತ್ತಯ್ಯ ಹಾಳೆ ತಿರುವಿ, ಮೇಲ್ವಿಚಾರಕಿಯ ವಾಸಕ್ಕೆ ಎಂದು ಓದಿದ.

"ಮತ್ತೆ ನಾನು ಸಾ?"

"ನೀನು ಕಾವಲುಗಾರ, ಅದೇನೂ ಬದಲಾಯಿಸಿಲ್ಲ," ಅಂದ ಮುತ್ತಯ್ಯ. "ವಾಸಕ್ಕೆ ಡೇರೆ. ಸಾಯೇಬ್ರು ಸ್ವಂತ ಕೈಯಲ್ಲಿ ಬರ್ದವ್ರೆ, ತಾವು ಮಲಗಿ ನೋಡಿದೀವಿ, ಬಲು ಸುಖವಾಗದೆ ಅಂತ."

ಕಾಗದದ ಕೊನೆಯ ಸಾಲು, ಗಂಡಸರು ಯಾರೂ ವರಾಂಡ ದಾಟಕೂಡದು ಎಂಬುದು. ಅದನ್ನು ರಂಗಮ್ಮ ಎರಡು ಸಲ ಓದಿಸಿದಳು.

ಜವರಯ್ಯ ಎಂಟು ದಿನ ಯಾರ ಜೊತೆಯೂ ಮಾತಾಡಲಿಲ್ಲ. ಒಂಬತ್ತನೆಯ ದಿನ ಮುಂಜಾನೆ ಬೆಟ್ಟದ ಕಡೆಯಿಂದ ಮೊದಲ ಗಾಡಿ ಬಂತು. ಬಸುರಿಯನ್ನು ರಂಗಮ್ಮ ತೋಳು ಹಿಡಿದು ಒಳಗೆ ಕರೆದುಕೊಂಡು ಬಾಗಿಲು ಹಾಕಿದಳು. ಇಪ್ಪತ್ತೆರಡರ ಹರೆಯದ ಗಂಡ, ಮಹದೇವು ಎಂಬವನು, ಅಂಗಳದಲ್ಲಿ ಎತ್ತು ಬಿಚ್ಚುವುದನ್ನೂ ಮರೆತು ನಿಂತುಬಿಟ್ಟಿದ್ದ. ಜವರಯ್ಯ ಅದನ್ನು ನೋಡಿದ. ಹೋಗಿ ಎತ್ತು ಬಿಚ್ಚಿದ, ಅವನನ್ನು ಕೈಹಿಡಿದು ತಂದು ಡೇರೆಯ ಮುಂದೆ ಕೂರಿಸಿದ, ಕುಡಿಯಲು ನೀರು ಕೊಟ್ಟ. ಒಳಗೆ ಬೆಂಕಿ ಇದೆ, ಬಿಸಿನೀರಿದೆ, ರಂಗಮ್ಮನ ಕೈಗೆ ಬಂದದ್ದು ಕೆಟ್ಟದ್ದಿಲ್ಲ ಎಂದು ಧೈರ್ಯ ಹೇಳಿದ.

ಒಳಗಿಂದ ನೋವಿನ ಕೂಗು ಕೇಳಿಸಿತು. ಮಹದೇವು ಎದ್ದು ಓ ಎಂದು ಬಾಗಿಲ ಕಡೆ ನುಗ್ಗಿದ. ಜವರಯ್ಯ ಅವನ ಪಂಚೆ ಹಿಡಿದು ಎಳೆದು ಕೂರಿಸಿದ.

"ಒಳೀಕ್ ಬುಡಾಕಿಲ್ವಾ ಯಜಮಾನ್ರೇ?" ಅಂದ ಮಹದೇವು ಅಳುಮೋರೆಯಲ್ಲಿ.

"ಅತ್ತೊಂಬತ್ತು ವರ್ಸದಿಂದ ಈ ಬಂಗ್ಲೆ ಕಾಯ್ತಿರೋನು ನಾನು," ಅಂದ ಜವರಯ್ಯ. "ನನ್ನೇ ಬುಡಾಕಿಲ್ಲ. ಕೂತ್ಕ."